ಸ್ಕೂಟರ್ ಮೇಲೆ ಕೂತು ಹಾರ್ನ್ ಹೊಡೆಯುವ ಗಂಡನಿಗೆ

ಪ್ರಶ್ನೆ: ಮೇಡಂ, ನನಗೆ 38 ವರ್ಷ. ಬಂಗಾರಪೇಟೆಯಲ್ಲಿ ಡ್ರಿಪ್ ಪೈಪು, ಮೋಟಾರ್ ಸಾಮಾನಿನ ಅಂಗಡಿ ಇಟ್ಟುಕೊಂಡಿದ್ದೇನೆ. ಮದುವೆಯಾಗಿ ಒಂಬತ್ತು ವರ್ಷ. ಏಳು ವರ್ಷದ ಮಗಳಿದ್ದಾಳೆ, ಅಮ್ಮ ನಮ್ಮ ಜೊತೆಗಿದ್ದಾರೆ. ಹೆಂಡತಿ ವೈಟ್‌ಫೀಲ್ಡ್ ಹತ್ತಿರದ ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಾಳೆ, ದಿನಾ ರೈಲಿನಲ್ಲಿ ಓಡಾಟ. ಸಂಜೆ ಸ್ಟೇಷನ್ನಿನಿಂದ ಕರೆದುಕೊಂಡು ಬರುವುದು ನಾನು. ‘ಹೊರಟೆ’ ಎಂದು ಫೋನ್ ಮಾಡುತ್ತಾಳೆ, ಅಂಗಡಿಯನ್ನು ಹುಡುಗನಿಗೆ ಒಪ್ಪಿಸಿ ಓಡುತ್ತೇನೆ, ಅಲ್ಲಿ ಮುಕ್ಕಾಲು ಗಂಟೆ ಕಾಯುತ್ತೇನೆ. ಹಬ್ಬ, ಮದುವೆ ಅಂದರೆ ಇನ್ನೂ ಕಷ್ಟ. ನಾನು ರೆಡಿಯಾಗಿ ಸ್ಕೂಟರ್ ಹೊರಗೆ ತೆಗೆದು ಹಾರ್ನ್ ಹೊಡೆಯುತ್ತಾ ಇರುತ್ತೇನೆ, ಒಳಗಿನಿಂದ ‘ಐದೇ ನಿಮಿಷ’ ಅನ್ನುತ್ತಾಳೆ, ನಲವತ್ತು ನಿಮಿಷ ಆಗುತ್ತದೆ. ಹೋದ ತಿಂಗಳು ಮುಳಬಾಗಿಲಿನಲ್ಲಿ ಚಿಕ್ಕಪ್ಪನ ಮಗನ ಮದುವೆ. ನಾವು ಛತ್ರ ಮುಟ್ಟುವಷ್ಟರಲ್ಲಿ ಧಾರೆ ಮುಗಿದಿತ್ತು. ತಡೆಯಲಾರದೆ ಎಲ್ಲರ ಎದುರಿಗೆ ‘ಇವಳಿಗೆ ಕನ್ನಡಿ ಒಂದು ಬಿಟ್ಟರೆ ಬೇರೇನೂ ಕಾಣಲ್ಲ’ ಅಂದುಬಿಟ್ಟೆ. ಅವತ್ತಿನಿಂದ ಎಷ್ಟು ಬೇಕೋ ಅಷ್ಟೇ ಮಾತು. ನಾನು ಸ್ಟೇಷನ್ನಿಗೆ ಹೋಗುವುದನ್ನು ನೋಡಿ ಅಮ್ಮ, ‘ಹೆಂಡ್ತಿಗೋಸ್ಕರ ಬೀದೀಲಿ ಕಾಯೋ ಗಂಡಸನ್ನ ನಮ್ಮ ಮನೇಲಿ ನೋಡಿರಲಿಲ್ಲ’ ಅನ್ನುತ್ತಾರೆ. ಪ್ರಾಣಾಯಾಮ ಮಾಡಿ ನೋಡಿದೆ. ಬೆಳಿಗ್ಗೆ ಸಮಾಧಾನ ಇರುತ್ತದೆ, ಸಂಜೆ ಸ್ಟೇಷನ್ನಿನಲ್ಲಿ ಅದು ಎಲ್ಲಿ ಹೋಗುತ್ತದೋ ಗೊತ್ತಿಲ್ಲ. ತಾಳ್ಮೆ ಕಲಿಯುವುದು ಹೇಗೆ?
— ಓದುಗ, ಬಂಗಾರಪೇಟೆ

ಉತ್ತರ: ನಿಮ್ಮ ಪತ್ರದಲ್ಲಿ ನೀವು ಕಾದ ಹೊತ್ತಿಗೆಲ್ಲ ಲೆಕ್ಕವಿದೆ. ಸ್ಟೇಷನ್ನಿನಲ್ಲಿ ಮುಕ್ಕಾಲು ಗಂಟೆ, ಮನೆಯ ಮುಂದೆ ನಲವತ್ತು ನಿಮಿಷ. ಆ ನಲವತ್ತು ನಿಮಿಷ ನಿಮ್ಮ ಹೆಂಡತಿ ಒಳಗೆ ಏನು ಮಾಡುತ್ತಿದ್ದರು ಎನ್ನುವುದಕ್ಕೆ ಮಾತ್ರ ಒಂದು ಸಾಲೂ ಇಲ್ಲ. ಕನ್ನಡಿಯ ಮುಂದೆ ಇದ್ದರು ಎಂದು ನೀವೇ ಅಂದುಕೊಂಡಿದ್ದೀರಿ, ಅಂದುಕೊಂಡದ್ದನ್ನು ನೆಂಟರ ಮುಂದೆ ಹೇಳಿಯೂ ಬಿಟ್ಟಿರಿ. ನನಗೆ ನಿಮ್ಮ ಸಮಸ್ಯೆ ಶುರುವಾಗುವುದು ಇಲ್ಲಿಂದ ಅನ್ನಿಸುತ್ತದೆ, ಗಡಿಯಾರದಿಂದ ಅಲ್ಲ.

ನೀವು ಬರೆದಿರುವುದರಲ್ಲೇ ಮೂರು ಬಗೆಯ ಕಾಯುವಿಕೆ ಕಲಸಿಹೋಗಿದೆ. ರೈಲು ತಡವಾಗಿ ಕಾದದ್ದು ಒಂದು. ಮನೆಗೆಲಸ ಮುಗಿಯದೆ ಕಾದದ್ದು ಇನ್ನೊಂದು. ಐದು ನಿಮಿಷ ಎಂದದ್ದು ಅರ್ಧ ಗಂಟೆಯಾಗಿ ಕಾದದ್ದು ಮತ್ತೊಂದು. ನೀವು ಮೂರನ್ನೂ ಸೇರಿಸಿ ‘ಅವಳು ಕಾಯಿಸುತ್ತಾಳೆ’ ಎಂಬ ಒಂದೇ ಖಾತೆಗೆ ಬರೆದಿದ್ದೀರಿ. ಅಂಗಡಿ ನಡೆಸುವವರು ನೀವು. ಮೂರು ಗಿರಾಕಿಗಳ ಬಾಕಿಯನ್ನು ಒಬ್ಬನ ಹೆಸರಿಗೆ ಹಾಕುತ್ತೀರಾ? ಮೊದಲನೆಯದಕ್ಕೆ ನಿಜವಾಗಿಯೂ ತಾಳ್ಮೆ ಬೇಕು. ಎರಡನೆಯದಕ್ಕೆ ಬೇಕಾಗಿರುವುದು ನಿಮ್ಮ ಎರಡು ಕೈ. ಮೂರನೆಯದಕ್ಕೆ ಒಂದು ನೆಟ್ಟಗಿನ ಮಾತುಕತೆ.

ರೈಲಿನದು ಸುಲಭ, ಅದನ್ನು ಮೊದಲು ಮುಗಿಸೋಣ. 2001ರ ಫೆಬ್ರುವರಿ 28ರಂದು ಕೆಜಿಎಫ್‌ನ ಚಿನ್ನದ ಗಣಿ ಮುಚ್ಚಿದ ಮೇಲೆ ನಿಮ್ಮ ಕಡೆಯ ಎಷ್ಟೋ ಸಂಸಾರಗಳು ಬೆಂಗಳೂರಿನ ರೈಲನ್ನೇ ನಂಬಿಕೊಂಡಿವೆ ಎಂದು ನಿಮಗೆ ಹೇಳಬೇಕಾಗಿಲ್ಲ. ಮಾರಿಕುಪ್ಪಂ, ಬಂಗಾರಪೇಟೆ, ಮಾಲೂರು ಕಡೆಯಿಂದ ಕತ್ತಲಲ್ಲಿ ಹೊರಟು ಕತ್ತಲಲ್ಲಿ ವಾಪಸ್ಸಾಗುವವರು ಅವರು. ಎಕ್ಸ್‌ಪ್ರೆಸ್ ಗಾಡಿಗೆ ದಾರಿ ಬಿಡಲು ಲೋಕಲ್ ಗಾಡಿಯನ್ನು ಯಾವುದೋ ಲೂಪ್ ಲೈನಿಗೆ ತಳ್ಳಿ ನಿಲ್ಲಿಸಿದರೆ ಒಳಗೆ ಇರುವವರಿಗೂ ಎಷ್ಟು ಹೊತ್ತು ಎಂದು ಗೊತ್ತಿರುವುದಿಲ್ಲ. ನೀವು ಸ್ಕೂಟರ್ ಸೀಟಿನ ಮೇಲೆ ಕೂತು ಕಾದ ಅದೇ ಹೊತ್ತನ್ನು ಅವರು ಬಾಗಿಲ ಹತ್ತಿರ, ಕಂಬಿ ಹಿಡಿದು, ನಾಲ್ಕು ಜನರ ಬ್ಯಾಗುಗಳ ನಡುವೆ ನಿಂತು ಕಳೆದಿರುತ್ತಾರೆ. ಇಳಿದ ಕೂಡಲೇ ಕಿವಿಗೆ ಬೀಳುವ ಮೊದಲ ಮಾತು ‘ಯಾಕಿಷ್ಟು ಲೇಟು’ ಎಂದಾದರೆ, ರೈಲ್ವೆಯ ಪರವಾಗಿ ಅವರೇ ಉತ್ತರ ಕೊಡಬೇಕು.

ಕಾಯುವ ಹೊತ್ತು ಯಾವಾಗ ಉದ್ದ ಅನ್ನಿಸುತ್ತದೆ ಎಂದು ಡೇವಿಡ್ ಮೈಸ್ಟರ್ ಎನ್ನುವವರು 1985ರಲ್ಲಿ ಬರೆದಿದ್ದರು. ಹೋಟೆಲು, ಬ್ಯಾಂಕುಗಳ ಕ್ಯೂ ಬಗ್ಗೆ ಬರೆದದ್ದು ಅದು; ಸಂಸಾರಕ್ಕೆ ಅದಕ್ಕಿಂತ ಚೆನ್ನಾಗಿ ಒಪ್ಪುತ್ತದೆ. ಕೈಗೆ ಕೆಲಸವಿಲ್ಲದಿದ್ದರೆ ಹೊತ್ತು ಉದ್ದ. ಎಷ್ಟು ಹೊತ್ತು ಎಂದು ಗೊತ್ತಿಲ್ಲದಿದ್ದರೆ ಇನ್ನೂ ಉದ್ದ. ಯಾಕೆ ಎಂದು ಯಾರೂ ಹೇಳದಿದ್ದರೆ, ಅನ್ಯಾಯವಾಗುತ್ತಿದೆ ಅನ್ನಿಸಿದರೆ, ಒಬ್ಬರೇ ಇದ್ದರೆ, ಮತ್ತಷ್ಟು ಉದ್ದ. ಸ್ಟೇಷನ್ ಮುಂದೆ ನೀವು ಈ ಐದನ್ನೂ ಒಟ್ಟಿಗೆ ಅನುಭವಿಸುತ್ತಿದ್ದೀರಿ. ಬೆಳಗಿನ ಪ್ರಾಣಾಯಾಮದ ತಪ್ಪೇನೂ ಇಲ್ಲ, ಅದಕ್ಕೆ ಎದುರಾಳಿ ದೊಡ್ಡದಿದೆ.

ಹಾಗಾಗಿ ‘ಹೊರಟೆ’ ಎಂಬ ಫೋನಿಗೆ ಓಡಬೇಡಿ. ಆಫೀಸಿನ ಗೇಟು ದಾಟಿದಾಗಲೂ ಅದೇ ಮಾತು, ಪ್ಲಾಟ್‌ಫಾರಂ ಮೇಲೆ ನಿಂತಾಗಲೂ ಅದೇ ಮಾತು. ರೈಲು ಮಾಲೂರು ಬಿಟ್ಟಾಗ ಒಂದು ಮಿಸ್ಡ್ ಕಾಲ್ ಕೊಡಲು ಹೇಳಿ. ಟೇಕಲ್ ದಾಟಿ ಅದು ಬರುವಷ್ಟರಲ್ಲಿ ನೀವು ಅಂಗಡಿಯ ಲೆಕ್ಕ ಮುಗಿಸಿ ನಿಧಾನಕ್ಕೆ ಹೊರಟರೂ ಸಾಕು. ರೈಲು ಎಲ್ಲಿದೆ ಎಂದು ಮೊಬೈಲಿನಲ್ಲೇ ನೋಡಬಹುದು, 139ಕ್ಕೆ ಫೋನ್ ಮಾಡಿಯೂ ಕೇಳಬಹುದು. ಒಂದು ಎಚ್ಚರಿಕೆ: ನೋಡುವುದು ರೈಲನ್ನು, ಹೆಂಡತಿಯನ್ನಲ್ಲ. ಲೈವ್ ಲೊಕೇಶನ್ ಅವರಾಗಿ ಕಳಿಸಿದರೆ ಸರಿ. ‘ಹಾಕು, ನೋಡ್ತೀನಿ’ ಎಂದು ಕೇಳಲು ಶುರುಮಾಡಿದರೆ ಅದು ಬೇರೆ ರೋಗ, ಅದಕ್ಕೆ ಇನ್ನೊಂದು ಪತ್ರ ಬರೆಯಬೇಕಾಗುತ್ತದೆ.

ಇನ್ನು ಮನೆಯ ಮುಂದಿನ ಹಾರ್ನ್.

ಮುಂದಿನ ಭಾನುವಾರ ಎಲ್ಲಿಗಾದರೂ ಹೊರಡುವುದಿದ್ದರೆ ನೀವು ಸ್ಕೂಟರ್ ತೆಗೆಯಬೇಡಿ. ‘ಹೊರಡೋಣ’ ಎಂದ ಗಳಿಗೆಯಿಂದ ಬಾಗಿಲಿಗೆ ಬೀಗ ಬೀಳುವವರೆಗೆ ಮನೆಯೊಳಗೆ ಯಾರು ಏನು ಮಾಡುತ್ತಾರೆ ಎಂದು ಸುಮ್ಮನೆ ನೋಡಿ. ಮಗಳ ಜಡೆ, ಅವಳ ಒಂದು ಚಪ್ಪಲಿ ಮಂಚದ ಕೆಳಗೆ, ನೀರಿನ ಬಾಟಲಿ. ಅಮ್ಮನಿಗೆ ಮಧ್ಯಾಹ್ನದ ಊಟ ಮುಚ್ಚಿಡುವುದು, ಮಾತ್ರೆ ತೆಗೆದಿಡುವುದು. ಹಾಲು ಕಾಯಿಸಿ ಇಡುವುದು, ಇಲ್ಲದಿದ್ದರೆ ಸಂಜೆಗೆ ಒಡೆಯುತ್ತದೆ. ಸಿಲಿಂಡರ್, ಮಹಡಿಯ ಬಾಗಿಲು, ಒಣಗಿದ ಬಟ್ಟೆ, ನೀರಿನ ಮೋಟಾರ್. ಮುಯ್ಯಿ ಕವರಿಗೆ ದುಡ್ಡು ಹಾಕಿ ಹೆಸರು ಬರೆಯುವುದು, ಒಂದು ರೂಪಾಯಿ ನಾಣ್ಯ ಹುಡುಕುವುದು. ಇಷ್ಟೆಲ್ಲ ಆದ ಮೇಲೆ ಸೀರೆ. ಸೀರೆಗೆ ಉಳಿಯುವುದು ಹತ್ತು ನಿಮಿಷ, ಆ ಹತ್ತು ನಿಮಿಷದಲ್ಲೇ ನಿಮ್ಮ ಹಾರ್ನ್. ಎಲ್ಲರನ್ನೂ ಹೊರಡಿಸಿ ಕೊನೆಗೆ ತಾನು ಹೊರಡುವವರೇ ನೋಡುವವರ ಕಣ್ಣಿಗೆ ತಡಮಾಡಿದವರಾಗಿ ಕಾಣುತ್ತಾರೆ. ನೀವು ‘ರೆಡಿ’ ಎಂದರೆ ಅರ್ಥ ನೀವೊಬ್ಬರು ರೆಡಿ. ಅವರು ‘ರೆಡಿ’ ಎನ್ನಬೇಕಾದರೆ ಇಡೀ ಮನೆ ರೆಡಿಯಾಗಿರಬೇಕು.

ಇದು ನಿಮ್ಮ ಮನೆಯ ಕಥೆ ಮಾತ್ರವೇ ಆಗಿದ್ದರೆ ನಾನು ಇಷ್ಟು ಖಚಿತವಾಗಿ ಹೇಳುತ್ತಿರಲಿಲ್ಲ. ಕೇಂದ್ರ ಸರ್ಕಾರ 2024ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಅದಕ್ಕೆ ಕೊಡುತ್ತಾರೆ. ಮನೆಗೆಲಸದಲ್ಲಿ ಕೈಹಾಕುವ ಗಂಡಸರು ಕೊಡುವುದು 88 ನಿಮಿಷ. 2019ರ ಸಮೀಕ್ಷೆಯಲ್ಲಿ ಇದು 299 ಮತ್ತು 97 ಇತ್ತು. ಹೆಂಗಸರ ಕೆಲಸ ಹತ್ತು ನಿಮಿಷ ಇಳಿಯಿತು ಎಂದು ಸಂತೋಷಪಡುವ ಮೊದಲು ಗಂಡಸರದ್ದೂ ಒಂಬತ್ತು ನಿಮಿಷ ಇಳಿದಿರುವುದನ್ನು ನೋಡಿ. ನಿಮ್ಮ ಹೆಂಡತಿ ಈ ಕೆಲಸದ ಮೇಲೆ ಆಫೀಸು ಮತ್ತು ರೈಲನ್ನೂ ಹೊತ್ತಿದ್ದಾರೆ.

ಆದ್ದರಿಂದ ಹೊರಡುವ ದಿನ ಈ ಪಟ್ಟಿಯಲ್ಲಿ ಅರ್ಧ ನಿಮ್ಮದು. ‘ಸಹಾಯ ಮಾಡ್ಲಾ?’ ಎಂದು ಕೇಳುವುದಲ್ಲ. ಕೇಳಿದರೆ ಉತ್ತರ ಹೇಳುವುದೂ ಅವರಿಗೆ ಒಂದು ಕೆಲಸ. ಸಲಹೆಗೆ ಬರುವ ಗಂಡಂದಿರಲ್ಲಿ ನಾನು ಹೆಚ್ಚಾಗಿ ನೋಡುವ ಯಡವಟ್ಟು ಇದು. ಮಗಳನ್ನು ರೆಡಿ ಮಾಡುತ್ತೇನೆ ಎಂದು ಒಪ್ಪಿಕೊಳ್ಳುತ್ತಾರೆ, ಆಮೇಲೆ ‘ಅವಳ ಫ್ರಾಕ್ ಎಲ್ಲಿ’, ‘ರಿಬ್ಬನ್ ಯಾವ್ದು’, ‘ಸಾಕ್ಸ್ ಹಾಕ್ಲಾ ಬೇಡ್ವಾ’ ಎಂದು ಅಡುಗೆಮನೆಗೆ ಹತ್ತು ಸಲ ಹೋಗುತ್ತಾರೆ. ಅಷ್ಟರಲ್ಲಿ ಆಕೆಯೇ ಎದ್ದು ಬಂದು ಮುಗಿಸುತ್ತಾರೆ, ‘ಮಾಡೋಕೆ ಹೋದ್ರೆ ಬಿಡಲ್ಲ’ ಎಂದು ಇವರು ನನ್ನ ಮುಂದೆ ದೂರು ಹೇಳುತ್ತಾರೆ. ಒಂದು ಕೆಲಸ ವಹಿಸಿಕೊಂಡರೆ ಹುಡುಕುವುದೂ ನಿಮ್ಮದೇ, ನೆನಪಿಟ್ಟುಕೊಳ್ಳುವುದೂ ನಿಮ್ಮದೇ. ಮಗಳು, ಅಮ್ಮನ ಮಾತ್ರೆ, ಬಾಗಿಲು, ಮುಯ್ಯಿ ಕವರ್, ಇವು ನಾಲ್ಕು ನಿಮ್ಮ ಪಾಲಿಗೆ ಬರಲಿ. ನಿಮ್ಮ ನಲವತ್ತು ನಿಮಿಷದಲ್ಲಿ ಎಷ್ಟು ಕರಗುತ್ತದೆ ನೋಡಿ. ಕರಗದೆ ಉಳಿದದ್ದಕ್ಕೆ ಮಾತ್ರ ತಾಳ್ಮೆಯ ಪ್ರಶ್ನೆ ಬರುತ್ತದೆ.

ಉಳಿಯುತ್ತದೆ, ಯಾಕೆಂದರೆ ಆ ‘ಐದೇ ನಿಮಿಷ’ ಇದೆಯಲ್ಲ. ನಿಮ್ಮ ಹೆಂಡತಿ ಸುಳ್ಳು ಹೇಳುತ್ತಿದ್ದಾರೆ ಎಂದು ತಿಳಿಯಬೇಡಿ. ತನ್ನ ಕೆಲಸಕ್ಕೆ ಎಷ್ಟು ಹೊತ್ತು ಬೇಕು ಎಂದು ಅಂದಾಜು ಮಾಡುವಾಗ ಮನುಷ್ಯರೆಲ್ಲ ಒಂದೇ ದಿಕ್ಕಿಗೆ ತಪ್ಪುತ್ತಾರೆ. ಡೇನಿಯಲ್ ಕಾನಮನ್ ಮತ್ತು ಏಮಸ್ ಟ್ವರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲಿ ಇದನ್ನು ಗುರುತಿಸಿದರು. 1994ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನವೊಂದರಲ್ಲಿ ವಿದ್ಯಾರ್ಥಿಗಳನ್ನು ನಿಮ್ಮ ಪ್ರಬಂಧ ಎಷ್ಟು ದಿನದಲ್ಲಿ ಮುಗಿಯುತ್ತದೆ ಎಂದು ಕೇಳಿದರು. ಅವರು ಹೇಳಿದ್ದು ಸರಾಸರಿ 33.9 ದಿನ. ಏನೇನು ಕೆಡಬಹುದೋ ಎಲ್ಲ ಕೆಟ್ಟರೆ ಎಷ್ಟು ದಿನ ಎಂದು ಕೇಳಿದ್ದಕ್ಕೆ 48.6 ದಿನ ಎಂದರು. ಕೊನೆಗೆ ಹಿಡಿದದ್ದು 55.5 ದಿನ. ನಾವು ಹೊತ್ತು ಲೆಕ್ಕ ಹಾಕುವಾಗ ಎಲ್ಲವೂ ಸುಸೂತ್ರವಾಗಿ ನಡೆಯುವ ಒಂದು ದಿನವನ್ನು ಕಲ್ಪಿಸಿಕೊಳ್ಳುತ್ತೇವೆ. ಹೋದ ಸಲ ಪಿನ್ನು ಸಿಗದೆ ಹುಡುಕಿದ್ದು, ಮಗು ಕೊನೆ ಗಳಿಗೆಯಲ್ಲಿ ಬಾತ್‌ರೂಮಿಗೆ ಓಡಿದ್ದು ಆ ಲೆಕ್ಕದೊಳಗೆ ಬರುವುದೇ ಇಲ್ಲ. ನಿಮ್ಮ ಅಂಗಡಿಗೆ ಬರುವ ರೈತರಿಗೆ ‘ನಾಳೆ ಮಾಲು ಬಂದುಬಿಡುತ್ತೆ’ ಎಂದು ನೀವು ಎಷ್ಟು ಸಲ ಹೇಳಿಲ್ಲ?

ಇದಕ್ಕೆ ಇರುವ ಉಪಾಯ ಒಂದೇ, ಆಸೆಯಿಂದ ಲೆಕ್ಕ ಹಾಕದೆ ಹಿಂದಿನದರಿಂದ ಹಾಕುವುದು. ಕಳೆದ ಮೂರು ಸಲ ಎದ್ದಾಗಿನಿಂದ ಬೀಗ ಹಾಕುವವರೆಗೆ ಎಷ್ಟು ಹಿಡಿಯಿತು ಎಂದು ಇಬ್ಬರೂ ಕೂತು ನೆನಪಿಸಿಕೊಳ್ಳಿ, ಅಷ್ಟನ್ನು ಇಟ್ಟುಕೊಂಡು ಹಿಂದಕ್ಕೆ ಎಣಿಸಿ. ಮುಳಬಾಗಿಲಿನಲ್ಲಿ ಹತ್ತೂವರೆಗೆ ಧಾರೆ ಅಂದರೆ ಮನೆ ಬಿಡುವುದು ಎಷ್ಟಕ್ಕೆ, ಅದಕ್ಕೆ ಏಳುವುದು ಎಷ್ಟಕ್ಕೆ ಎಂದು ಹಿಂದಿನ ರಾತ್ರಿಯೇ ಗೊತ್ತಿರಲಿ. ಗಂಡಂದಿರಲ್ಲಿ ಒಂದು ಜಾಣತನ ಓಡಾಡುತ್ತದೆ: ಹತ್ತಕ್ಕೆ ಇರುವುದನ್ನು ಒಂಬತ್ತಕ್ಕೆ ಎಂದು ಹೇಳುವುದು. ಮಾಡಬೇಡಿ. ಲಗ್ನಪತ್ರಿಕೆ ಫ್ರಿಡ್ಜಿನ ಮೇಲೇ ಇರುತ್ತದೆ, ಅವರಿಗೂ ಓದು ಬರುತ್ತದೆ. ಒಂದು ಸಲ ಸಿಕ್ಕಿಬಿದ್ದರೆ ಆಮೇಲೆ ನೀವು ಹೇಳುವ ಯಾವ ಟೈಮಿಗೂ ಮರ್ಯಾದೆ ಇರುವುದಿಲ್ಲ.

ಎಲ್ಲ ಕಡೆಗೂ ಹೊತ್ತಿಗೆ ಸರಿಯಾಗಿ ಹೋಗಲೇಬೇಕು ಎಂಬ ಹಟವೂ ಬೇಡ. ನಮ್ಮ ಆರತಕ್ಷತೆಗಳಿಗೆ ಏಳಕ್ಕೆ ಹೋದರೇನು, ಎಂಟಕ್ಕೆ ಹೋದರೇನು? ಊಟದ ಪಂಕ್ತಿ ನಡೆಯುತ್ತಲೇ ಇರುತ್ತದೆ. ಧಾರೆ ಹಾಗಲ್ಲ. ‘ಇದಕ್ಕೆ ಮಾತ್ರ ತಪ್ಪಬಾರದು, ಚಿಕ್ಕಪ್ಪ ಬೇಜಾರು ಮಾಡ್ಕೋತಾರೆ’ ಎಂದು ಮೊದಲೇ ಹೇಳಿದ್ದರೆ ಅವರು ಬೇರೆ ಥರ ಏಳುತ್ತಿದ್ದರೇನೋ. ಎಲ್ಲದಕ್ಕೂ ಒಂದೇ ಸಮ ಹಾರ್ನ್ ಹೊಡೆದರೆ ಯಾವುದು ಮುಖ್ಯ ಎಂದು ಒಳಗಿರುವವರಿಗೆ ತಿಳಿಯುವುದಾದರೂ ಹೇಗೆ?

ಈಗ ಕಷ್ಟದ ವಿಷಯಕ್ಕೆ ಬರುತ್ತೇನೆ.

ಅರ್ಧ ಗಂಟೆ ಸುಮ್ಮನೆ ಕೂರುವುದು ನಿಮಗೆ ಬರುವುದಿಲ್ಲ ಎಂದೇನಿಲ್ಲ. ಬೆಸ್ಕಾಂ ಕಚೇರಿಯಲ್ಲಿ, ಡಾಕ್ಟರ ಕೋಣೆಯ ಹೊರಗೆ ಕೂರುತ್ತೀರಿ, ಅಲ್ಲಿ ಎದೆ ಉರಿಯುವುದಿಲ್ಲ. ಉರಿಯುವುದು ಹೆಂಡತಿಗಾಗಿ ಕಾಯುವಾಗ, ಯಾಕೆಂದರೆ ಅಲ್ಲಿ ನಿಮಿಷದ ಜೊತೆಗೆ ಒಂದು ಕಥೆಯೂ ಓಡುತ್ತಿರುತ್ತದೆ. ಮೊದಲ ಹತ್ತು ನಿಮಿಷ ‘ಎಲ್ಲಿದ್ದಾಳೆ’. ಆಮೇಲೆ ‘ಯಾವಾಗಲೂ ಹೀಗೇ’. ಆಮೇಲೆ ‘ನನ್ನ ಹೊತ್ತಿಗೆ ಬೆಲೆಯೇ ಇಲ್ಲ’. ಕೊನೆಗೆ ‘ನನಗೇ ಬೆಲೆಯಿಲ್ಲ’. ಅವರು ರೈಲಿನಿಂದ ಇಳಿಯುವ ಹೊತ್ತಿಗೆ ನಿಮ್ಮ ತಲೆಯಲ್ಲಿ ಕೇಸು ನಡೆದು, ಸಾಕ್ಷಿ ಮುಗಿದು, ತೀರ್ಪೂ ಆಗಿರುತ್ತದೆ. ಅವರ ಹೇಳಿಕೆ ಒಂದು ಬಾಕಿ, ಅದನ್ನು ಕೇಳುವ ವ್ಯವಧಾನ ನಿಮಗಿಲ್ಲ.

ಬೇರೆಯವರ ತಪ್ಪಿಗೆ ಅವರ ಗುಣ ಕಾರಣ, ನಮ್ಮ ತಪ್ಪಿಗೆ ಸಂದರ್ಭ ಕಾರಣ ಎಂದುಕೊಳ್ಳುವ ಚಾಳಿಯ ಬಗ್ಗೆ ಮನಶ್ಶಾಸ್ತ್ರದಲ್ಲಿ ದೊಡ್ಡ ಅಧ್ಯಯನವೇ ಇದೆ. ಅಂಗಡಿಯಿಂದ ನೀವು ಒಂಬತ್ತೂವರೆಗೆ ಮನೆಗೆ ಹೋದರೆ ‘ಗಿರಾಕಿ ಬಂದುಬಿಟ್ಟ’. ಅವರು ತಡಮಾಡಿದರೆ ‘ಅವಳು ಇರೋದೇ ಹಾಗೆ’. ಥಾಮಸ್ ಬ್ರಾಡ್‌ಬರಿ ಮತ್ತು ಫ್ರಾಂಕ್ ಫಿಂಚಮ್ ಎಂಬಿಬ್ಬರು ಗಂಡಹೆಂಡಿರ ಬಗ್ಗೆ ಅಲ್ಲಿಯವರೆಗೆ ನಡೆದಿದ್ದ ಇಂಥ ಅಧ್ಯಯನಗಳನ್ನೆಲ್ಲ 1990ರಲ್ಲಿ ಒಟ್ಟುಗೂಡಿಸಿ ನೋಡಿದರು. ಸಂಸಾರದಲ್ಲಿ ನೆಮ್ಮದಿ ಇಲ್ಲದವರು ಸಂಗಾತಿಯ ತಪ್ಪನ್ನು ಹೆಚ್ಚಾಗಿ ಅವರ ಸ್ವಭಾವಕ್ಕೆ, ಬೇಕೆಂದೇ ಮಾಡಿದ್ದಕ್ಕೆ ಕಟ್ಟುತ್ತಾರೆ ಎನ್ನುವುದು ಅವರಿಗೆ ಕಂಡ ಅಂಶಗಳಲ್ಲಿ ಒಂದು. ನಾನು ಕೋಲಾರದ ಕಡೆಯ ದಂಪತಿಗಳಲ್ಲಿ ಕಾಣುವುದೂ ಅದನ್ನೇ. ತಡವಾಯಿತು ಎಂದು ಜಗಳವಾಡಿದವರು ನನ್ನ ಹತ್ತಿರ ಬರುವುದಿಲ್ಲ. ತಡಮಾಡಿದ್ದಕ್ಕೆ ಏನರ್ಥ ಎಂದು ಜಗಳವಾಡಿದವರು ಬರುತ್ತಾರೆ.

ನೀವು ಕಲಿಯಬೇಕಾದ ತಾಳ್ಮೆ ಈ ತೀರ್ಪನ್ನು ಮುಂದೂಡುವುದು. ಹಲ್ಲು ಕಚ್ಚಿ ಕೂರುವುದು ಅದಲ್ಲ. ಹಲ್ಲು ಕಚ್ಚಿದವನು ಮುಳಬಾಗಿಲಿನ ಛತ್ರದಲ್ಲಿ ಬಾಯಿ ಬಿಟ್ಟೇ ಬಿಡುತ್ತಾನೆ. ಸ್ಟೇಷನ್ನಿನಲ್ಲಿ ‘ಯಾವಾಗಲೂ’ ಎಂಬ ಮಾತು ತಲೆಗೆ ಬಂದ ಕೂಡಲೇ ಅಲ್ಲಿ ನಿಲ್ಲಿ. ನಿನ್ನೆ ಎಷ್ಟು ಹೊತ್ತಿಗೆ ಬಂದರು, ಮೊನ್ನೆ ಎಷ್ಟು ಹೊತ್ತಿಗೆ ಎಂದು ನೆನಪು ಮಾಡಿಕೊಳ್ಳಿ. ಸರಿಯಾಗಿ ಬಂದ ದಿನಗಳು ಎಷ್ಟೋ ಇರುತ್ತವೆ, ಆ ದಿನಗಳಿಗೆ ಕಥೆ ಇಲ್ಲದ್ದರಿಂದ ನೆನಪೂ ಇಲ್ಲ. ತಡವಾದದ್ದಕ್ಕೆ ಅವರ ಗುಣವನ್ನು ಬಿಟ್ಟು ಬೇರೆ ಎರಡು ಕಾರಣ ಹುಡುಕಿ. ಅವು ನಿಜವಾಗಿರಬೇಕೆಂದಿಲ್ಲ, ಇರಬಹುದಾದಂಥವು ಆದರೆ ಸಾಕು. ಪ್ರಾಣಾಯಾಮವನ್ನು ಬಿಡಬೇಡಿ, ಏರಿದ ಉಸಿರು ಇಳಿದರೆ ಯೋಚನೆಗೆ ಜಾಗ ಸಿಗುತ್ತದೆ. ಆದರೆ ಉಸಿರು ಇಳಿಸುತ್ತಾ ಒಳಗೊಳಗೆ ಅದೇ ಆರೋಪಪಟ್ಟಿ ಓದುತ್ತಿದ್ದರೆ ಐದು ನಿಮಿಷಕ್ಕೆ ಮತ್ತೆ ಏರುತ್ತದೆ. ಕೈಗೂ ಏನಾದರೂ ಕೆಲಸ ಕೊಡಿ. ಯಾರ್ಯಾರಿಗೆ ಫೋನ್ ಮಾಡಬೇಕಿತ್ತೋ ಆ ಬಾಕಿಯನ್ನೆಲ್ಲ ಸ್ಟೇಷನ್ನಿಗೆ ಎತ್ತಿಡಿ.

ಅಷ್ಟಾಗಿಯೂ ಕೋಪ ಉಳಿದಿದ್ದರೆ ಸ್ಕೂಟರ್ ಮೇಲೆ ಮಾತ್ರ ಮಾತು ತೆಗೆಯಬೇಡಿ. ಮುಖ ಕಾಣುವುದಿಲ್ಲ, ಗಾಳಿಗೆ ಅರ್ಧ ಕೇಳುವುದಿಲ್ಲ, ‘ಏನಂದೆ?’ ಎಂದು ಕೂಗಿದ್ದೇ ಬೈದ ಹಾಗೆ ಕೇಳಿಸುತ್ತದೆ. ಮನೆಗೆ ಹೋಗಿ, ಅವರು ಮುಖ ತೊಳೆದು ಕಾಫಿ ಕುಡಿಯುವವರೆಗೂ ತಡೆಯಿರಿ.

ನಿಮ್ಮ ಹೆಂಡತಿಯ ಮೌನ ತಡಮಾಡಿದ್ದರ ಬಗ್ಗೆ ಅಲ್ಲ ಎನ್ನುವುದು ನಿಮಗೂ ಗೊತ್ತಿದೆ. ಆ ಕನ್ನಡಿಯ ಮಾತಿಗೆ ಅದು ಉತ್ತರ. ಬೆಳಕು ಹರಿಯುವ ಮುಂಚೆ ಎದ್ದು, ಮನೆ, ಮಗು, ಅತ್ತೆಯನ್ನು ನೋಡಿಕೊಂಡು, ದುಡಿದು ಬರುವ ಹೆಂಗಸನ್ನು ಗಂಡನ ಕಡೆಯ ಬಳಗದ ನಡುವೆ, ಛತ್ರದ ಬಾಗಿಲಲ್ಲಿ, ಶೋಕಿಯವಳು ಎಂದಿರಿ. ಧಾರೆ ತಪ್ಪಿದ್ದಕ್ಕೆ ಚಿಕ್ಕಪ್ಪ ಎರಡು ದಿನ ಬೇಜಾರು ಮಾಡಿಕೊಂಡಿರಬಹುದು. ಈ ಮಾತನ್ನು ನಿಮ್ಮ ಚಿಕ್ಕಮ್ಮ, ಅತ್ತಿಗೆಯಂದಿರು ಮುಂದಿನ ಮದುವೆಯಲ್ಲೂ ನೆನಪಿಟ್ಟಿರುತ್ತಾರೆ, ಅದು ನಿಮ್ಮ ಹೆಂಡತಿಗೆ ಗೊತ್ತು. ಸೀರೆ ಉಡುವ ಹೊತ್ತಿಗೆಲ್ಲ ಅದು ಕಿವಿಯಲ್ಲಿ ಕೇಳಿಸುತ್ತದೆ.

ಕ್ಷಮೆ ಕೇಳಿ. ‘ಸಾರಿ, ಆದ್ರೆ ನೀನೂ ಅವತ್ತು’ ಎಂದು ಕೇಳುವುದಾದರೆ ಬೇಡವೇ ಬೇಡ, ಆ ‘ಆದ್ರೆ’ ಮೊದಲಿನದನ್ನು ಅಳಿಸಿಹಾಕುತ್ತದೆ. ‘ಎಲ್ರ ಮುಂದೆ ನಾನು ಹಂಗೆ ಅನ್ಬಾರ್ದಿತ್ತು. ನೀನು ಒಳಗೆ ಏನ್ ಮಾಡ್ತಿದ್ದೆ ಅಂತ ನಾನು ನೋಡೇ ಇರ್ಲಿಲ್ಲ’, ಇಷ್ಟು ಸಾಕು. ನಾಲ್ಕು ಜನರ ಮುಂದೆ ಆದ ಅವಮಾನಕ್ಕೆ ಕೋಣೆಯೊಳಗಿನ ಕ್ಷಮೆ ಅರ್ಧ ಮಾತ್ರ ತಲುಪುತ್ತದೆ. ಚಿಕ್ಕಪ್ಪನಿಗೆ ಫೋನ್ ಮಾಡುವಾಗ, ಆಕೆಯೂ ಅಲ್ಲೇ ಇರುವಾಗ, ‘ಅವತ್ತು ಲೇಟಾಗಿದ್ದು ನನ್ನಿಂದ್ಲೂ ಹೌದು, ಎಲ್ಲ ಕೆಲ್ಸ ಅವಳ ಮೇಲೇ ಬಿಟ್ಟಿದ್ದೆ’ ಎಂದು ಹೇಳಿ. ಹೇಳಲು ನಾಲಿಗೆ ತಡವರಿಸಿದರೆ, ಬೈಯುವಾಗ ಎಷ್ಟು ಸಲೀಸಾಗಿ ಬಂದಿತ್ತು ನೆನಪು ಮಾಡಿಕೊಳ್ಳಿ.

ಆಮೇಲೆ ಕಾಯಬೇಕು. ನೀವು ಕಲಿಯಬೇಕು ಎನ್ನುತ್ತಿರುವ ಪಾಠದ ಪರೀಕ್ಷೆ ಇಲ್ಲಿದೆ. ಇದಕ್ಕೆ ಯಾವ ರೈಲ್ವೆ ಆ್ಯಪ್ ಕೂಡ ಟೈಮು ತೋರಿಸುವುದಿಲ್ಲ. ‘ಕ್ಷಮೆ ಕೇಳಿ ನಾಲ್ಕು ದಿನ ಆಯ್ತು, ಇನ್ನೂ ಮುಖ ಊದಿಸಿಕೊಂಡಿದ್ದಾಳೆ’ ಎಂದು ಅಮ್ಮನ ಹತ್ತಿರವೋ ಗೆಳೆಯರ ಹತ್ತಿರವೋ ಹೇಳಿದರೆ ಮತ್ತೆ ಮೊದಲಿನಿಂದ ಶುರು. ಮಾತು ಕಡಿಮೆ ಇದ್ದರೂ ಸ್ಟೇಷನ್ನಿಗೆ ಹೋಗುತ್ತಿರಿ, ಮಗಳ ಜಡೆ ಹಾಕುತ್ತಿರಿ.

ಅಮ್ಮನ ಮಾತಿಗೆ ಬರುತ್ತೇನೆ. ಅವರನ್ನು ಖಳನಾಯಕಿ ಮಾಡಬೇಡಿ. ಅವರ ಕಾಲದಲ್ಲಿ ಕಾಯುವುದು ಹೆಂಗಸರ ಪಾಲಿಗೆ ಬಂದದ್ದು. ಗಂಡ ಸಂತೆಯಿಂದ, ಶಿಫ್ಟಿನಿಂದ, ಕೋರ್ಟಿನಿಂದ ಬರುವವರೆಗೂ ಊಟ ಮಾಡದೆ ಬಾಗಿಲಲ್ಲಿ ಕೂತವರು, ಅದನ್ನು ಯಾರೂ ತಾಳ್ಮೆ ಎಂದು ಹೊಗಳಲಿಲ್ಲ. ‘ತಾಳಿದವನು ಬಾಳಿಯಾನು’ ಎಂದು ಗಾದೆಯಲ್ಲಿ ಗಂಡಸನ್ನು ಹೇಳಿದ್ದರೂ ಅದನ್ನು ನಾವು ಒಪ್ಪಿಸಿದ್ದೆಲ್ಲ ಹೆಣ್ಣುಮಕ್ಕಳಿಗೆ. ತನಗಾಗಿ ಯಾರೂ ಕಾಯದ ಹೆಂಗಸಿಗೆ ಸೊಸೆಗಾಗಿ ಮಗ ಕಾಯುವುದನ್ನು ನೋಡಿ ಒಂದಿಷ್ಟು ಕಸಿವಿಸಿ ಆದರೆ ಅದು ಸಹಜ. ಆದರೆ ಆ ಮಾತು ಸೊಸೆಯ ಕಿವಿಗೆ ಬೀಳದ ಹಾಗೆ ತಡೆಯುವುದು ನಿಮ್ಮ ಕೆಲಸ, ಅವರದಲ್ಲ. ‘ಅಮ್ಮ, ಕತ್ತಲಾಗಿರುತ್ತೆ, ಸುಸ್ತಾಗಿ ಬರ್ತಾಳೆ, ನಾನು ಹೋಗೇ ಹೋಗ್ತೀನಿ. ಇದನ್ನ ಇನ್ನೊಂದ್ಸಲ ಅನ್ಬೇಡ’ ಎಂದು ಮೆತ್ತಗೆ, ಒಂದೇ ಸಲ ಹೇಳಿ. ಆಸ್ಪತ್ರೆಗೋ ದೇವಸ್ಥಾನಕ್ಕೋ ಅಮ್ಮನನ್ನು ಕರೆದುಕೊಂಡು ಹೋಗುವ ದಿನ ಅವರಿಗೂ ಅಷ್ಟೇ ಸಾವಧಾನದಿಂದ ಕಾಯಿರಿ.

ಇಷ್ಟು ಹೊತ್ತು ನಿಮ್ಮನ್ನೇ ಬಗ್ಗಿಸಿದೆ ಅನ್ನಿಸಬಹುದು. ನಿಮ್ಮ ಹೊತ್ತಿಗೂ ಬೆಲೆಯಿದೆ. ಸಂಜೆ ಅಂಗಡಿ ಬಿಟ್ಟು ಹೋದರೆ ವ್ಯಾಪಾರ ತಪ್ಪುತ್ತದೆ, ಹುಡುಗನಿಗೆ ಎಲ್ಲ ಮಾಲು ಗೊತ್ತಿರುವುದಿಲ್ಲ. ಅದನ್ನು ಹೇಳಬೇಕು, ಕಾಯದೆ ಇರುವ ಒಂದು ಹೊತ್ತಿನಲ್ಲಿ, ರಾತ್ರಿ ಊಟವಾಗಿ ಮಗಳು ಮಲಗಿದ ಮೇಲೆ. ‘ನೀನು ಕಾಯಿಸ್ತೀಯ’ ಎಂದು ಶುರುಮಾಡಿದರೆ ಅವರು ಸಮರ್ಥನೆಗೆ ಇಳಿಯುತ್ತಾರೆ. ‘ಏಳು ಗಂಟೆಗೆ ಅಂಗಡೀಲಿ ಜನ ಇರ್ತಾರೆ, ಬಿಟ್ಟು ಬರೋಕೆ ಕಷ್ಟ ಆಗ್ತಿದೆ, ಏನ್ ಮಾಡೋಣ?’ ಎಂದು ಕೇಳಿದರೆ ಇಬ್ಬರೂ ಒಂದೇ ಕಡೆ ಕೂತು ಯೋಚಿಸಬಹುದು. ಸ್ಟೇಷನ್ ಪಕ್ಕದ ಸ್ಟ್ಯಾಂಡಿನಲ್ಲಿ ಅವರದೇ ಒಂದು ಸ್ಕೂಟಿ ನಿಲ್ಲಿಸಬಹುದಲ್ಲ? ರೈಲು ತೀರಾ ತಡವಾದ ದಿನ ಗೊತ್ತಿರುವ ಆಟೋದವರಿಗೆ ಹೇಳಿಡಬಹುದಲ್ಲ? ಇದನ್ನು ಕೇಳದೆಯೇ ತೀರ್ಮಾನಿಸಬೇಡಿ. ಅತ್ತೆ, ಮಗಳು, ಟಿವಿ ಇರುವ ಮನೆಯಲ್ಲಿ ನಿಮ್ಮಿಬ್ಬರಿಗೇ ಅಂತ ಸಿಗುವ ಹೊತ್ತು ಸ್ಟೇಷನ್ನಿನಿಂದ ಮನೆಯವರೆಗಿನ ಆ ದಾರಿಯೊಂದೇ ಇರಬಹುದು, ಅದು ಅವರಿಗೆ ಬೇಕಾಗಿರಬಹುದು. ಹಾಗಿದ್ದರೆ ವಾರಕ್ಕೊಂದು ಸಂಜೆ ದಾರಿಯಲ್ಲಿ ಇಳಿದು ಪಾನಿಪುರಿ ತಿಂದು ಹೋಗಿ. ಬಂಗಾರಪೇಟೆಯ ಆ ತಿಳಿನೀರಿನ ಪಾನಿಪುರಿಗೆ ಬೆಂಗಳೂರಿನವರೇ ಅಂಗಡಿ ಹುಡುಕಿಕೊಂಡು ಹೋಗುತ್ತಾರೆ, ಊರಿನಲ್ಲೇ ಇರುವ ನೀವು ಇಬ್ಬರೇ ಹೋಗಿ ತಿಂದು ಎಷ್ಟು ದಿನವಾಯಿತೋ.

ಈ ಪತ್ರ ಓದುವ ಬೇರೆ ಕೆಲವರಿಗೂ ಒಂದು ಮಾತು. ಕುಡಿದು ಅಪರಾತ್ರಿ ಬರುವ ಗಂಡನಿಗಾಗಿ, ಬಂದ ಮೇಲೆ ಏನಾಗುತ್ತದೋ ಎಂದು ನಡುಗುತ್ತಾ ಕಾಯುವವರಿಗೆ ಮೇಲಿನ ಯಾವುದೂ ಅನ್ವಯಿಸುವುದಿಲ್ಲ. ಅಲ್ಲಿ ತಾಳ್ಮೆಯನ್ನು ಬೋಧಿಸುವುದು ಅಪಾಯ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾಯ್ದೆಯಡಿ ಸಂರಕ್ಷಣಾಧಿಕಾರಿಗೆ ದೂರು ಕೊಡಬಹುದು; ಹೊಡೆದರೆ ಮಾತ್ರ ದೌರ್ಜನ್ಯ ಎಂದಲ್ಲ, ಬೈಗುಳ, ಬೆದರಿಕೆ, ಖರ್ಚಿಗೆ ದುಡ್ಡು ಕೊಡದಿರುವುದು ಕೂಡ ಆ ಕಾಯ್ದೆಯೊಳಗೆ ಬರುತ್ತದೆ.

ಬಂಗಾರಪೇಟೆಯ ಓದುಗರೇ, ನಿಮ್ಮ ಮನೆಯಲ್ಲಿ ಮುಂದಿನ ದೊಡ್ಡ ಮದುವೆ ಬರುವವರೆಗೆ ಕಾಯದೆ ಒಂದು ಸಣ್ಣ ಪ್ರಯಾಣದಲ್ಲಿ ಇದನ್ನೆಲ್ಲ ಮಾಡಿ ನೋಡಿ. ಕಮ್ಮಸಂದ್ರದ ಕೋಟಿಲಿಂಗೇಶ್ವರವೋ ಆವನಿಯೋ ಆಗಲಿ, ಹೊತ್ತಿಗೆ ಹೋಗಲೇಬೇಕಾದ ಜರೂರಿಲ್ಲದ ಕಡೆಗೆ. ತಿಂಗಳೆರಡು ತಿಂಗಳು ಕಳೆದರೂ ಮಾತು ಮೊದಲಿನ ಹಾಗೆ ಆಗದಿದ್ದರೆ, ಅಥವಾ ಸಿಟ್ಟಿನಲ್ಲಿ ನಿಮ್ಮ ಕೈ ಎತ್ತುವ ಮಟ್ಟಕ್ಕೆ ಹೋಗುತ್ತಿದ್ದರೆ, ತಡಮಾಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿ ಕನ್ನಡದಲ್ಲೇ ಮಾತನಾಡಬಹುದು, ದುಡ್ಡು ಕೊಡಬೇಕಿಲ್ಲ. ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೂ ಹೋಗಬಹುದು. ಮೊದಲ ಸಲ ನೀವೊಬ್ಬರೇ ಹೋಗಿ. ‘ಇವಳಿಗೆ ಸ್ವಲ್ಪ ಬುದ್ಧಿ ಹೇಳಿ’ ಎಂದು ಹೆಂಡತಿಯನ್ನು ಎದುರಿಗೆ ಕೂರಿಸುವ ಗಂಡಂದಿರನ್ನು ನಾವು ದಿನಾ ನೋಡುತ್ತೇವೆ, ಅಂಥ ಭೇಟಿ ಅಲ್ಲಿಗೇ ಮುಗಿದುಹೋಗುತ್ತದೆ. ನೀವು ಎರಡು ಸಲ ಹೋಗಿ ಬಂದ ಮೇಲೆ ‘ನಾನು ಹೋಗ್ತಿದೀನಿ, ನೀನೂ ಬರ್ತೀಯಾ?’ ಎಂದು ಕೇಳಿ, ರೈಲಿಗೆ ರಜೆ ಇರುವ ದಿನವನ್ನು ಅವರೇ ಹೇಳಲಿ.